6 ವರ್ಷ ನಿಂತಿದ್ದ ಪದ್ಮಿನಿ 10 ನಿಮಿಷಕ್ಕೇ ಆಫ್ ಆಗುವುದು

ಆರು ವರ್ಷ ನಿಂತಿದ್ದ ನಿಮ್ಮ ಪದ್ಮಿನಿ ಕಾರು ಹತ್ತು ನಿಮಿಷ ಓಡಿ ಆಫ್ ಆಗುತ್ತದೆ, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬದಲಿಸಬೇಕಾ ಎಂದು ಕೇಳಿದ್ದೀರಿ. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕೇ ಕಾರಣ ಇರಬೇಕು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂದಿದ್ದೀರಲ್ಲ, ಅದೇ ಗುರುತು. ಓಡುವಾಗ ಕಸ ಪೈಪಿನ ಬಾಯಿಗೆ ಬಂದು ಕೂರುತ್ತದೆ, ನಿಂತಾಗ ಕೆಳಗಿಳಿಯುತ್ತದೆ. ಹೊಸ ಕಾರ್ಬ್ಯುರೇಟರಿಗೆ ಈಗಲೇ ದುಡ್ಡು ಹಾಕಬೇಡಿ.

ಮುಂದಿನ ಸಲ ಆಫ್ ಆದ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಎಳೆದ ಸದ್ದು ಬಂದು ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಅಷ್ಟೇ. ತೂತು ಬಿಡಿಸಿದರೆ ಸಾಕು.

ಹಾಗಾಗದಿದ್ದರೆ ಇಂಜಿನ್ ಪೂರ್ತಿ ತಣ್ಣಗಾಗಲಿ. ಪೆಟ್ರೋಲ್ ಪಂಪಿಗೆ ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ. ಅಲ್ಲಿಗೆ ಉದ್ದದ ಹೊಸ ಪೈಪ್ ಹಾಕಿ, ಇನ್ನೊಂದು ತುದಿಯನ್ನು ಶುದ್ಧ ಪೆಟ್ರೋಲಿನ ಕ್ಯಾನಿಗೆ ಇಳಿಸಿ. ಕ್ಯಾನ್ ಸೈಲೆನ್ಸರಿನಿಂದ ದೂರ, ನೆಲದ ಮೇಲೆ ಇರಲಿ. ಹತ್ತಿರ ಯಾರೂ ಬೀಡಿ ಸಿಗರೇಟು ಹಚ್ಚಬಾರದು. ಗಾಡಿಯನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ. ಇಂಜಿನ್ ಅರ್ಧ ಗಂಟೆ ಆಫ್ ಆಗದೆ ಓಡಿದರೆ ತಪ್ಪು ಟ್ಯಾಂಕಿನದ್ದು, ಇಲ್ಲವೇ ಅದರಿಂದ ಬರುವ ಪೈಪಿನದ್ದು. ಟ್ಯಾಂಕ್ ಇಳಿಸಿ ತೊಳೆಸಿ, ಚೆನ್ನಾಗಿ ಒಣಗಿಸಿ. ಹಳೆ ರಬ್ಬರ್ ಪೈಪ್ ಬದಲಿಸಿ, ಪಂಪಿಗಿಂತ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ. ತುಕ್ಕು ಬಂದರೆ ಕಣ್ಣಿಗೇ ಕಾಣುತ್ತದೆ.

ಕ್ಯಾನಿನಲ್ಲೂ ಆಫ್ ಆಯಿತಾ? ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಬೇಗ ಸ್ಟಾರ್ಟ್ ಆದರೆ ಬಿಸಿಗೆ ಪೆಟ್ರೋಲ್ ಆವಿಯಾಗುತ್ತಿದೆ. ಇಲ್ಲದಿದ್ದರೆ ಪಂಪಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ಒಳಗಿನ ಪೊರೆ) ನೋಡಿಸಿ.