ಊಟ ಆಯ್ತಾ, ಮಾತ್ರೆ ಆಯ್ತಾ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ಒಂದು ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದರು. ವಯಸ್ಸು 50ರ ಆಸುಪಾಸು. ಹೆಂಡತಿಗೆ ಸ್ತನದಲ್ಲಿ ಶುರುವಾದ ಕ್ಯಾನ್ಸರ್ ಮೂಳೆಗೂ ಹರಡಿತ್ತು. ಕೀಮೋ ನಡೆಯುತ್ತಿತ್ತು. ಜ್ವರ ಎಷ್ಟು, ಮಾತ್ರೆ ಯಾವಾಗ, ಎಷ್ಟು ತುತ್ತು ತಿಂದಳು, ಎಲ್ಲವೂ ನೋಟ್‌ಬುಕ್‌ನಲ್ಲಿತ್ತು. "ಒಂದೂ ತಪ್ಪಿಸಿಲ್ಲ ಮೇಡಂ. ಆದರೂ ಅವಳು ನನ್ನ ಹತ್ರ ಮಾತೇ ಆಡಲ್ಲ" ಎಂದರು.

ಜ್ವರದ ಲೆಕ್ಕ ಇಟ್ಟಿದ್ದು ಒಳ್ಳೆಯದೇ. ಕೀಮೋ ಆದ ಮೇಲೆ, ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಇದು ಅವರಿಗೆ ಗೊತ್ತಿತ್ತು. ನಾನು ಮೆಚ್ಚಿ ಕಳಿಸಿದೆ. ಅವರು ಎಷ್ಟು ನಿದ್ದೆ ಮಾಡುತ್ತಾರೆ ಎಂದು ಮಾತ್ರ ಕೇಳಲಿಲ್ಲ. ತಪ್ಪು ನನ್ನದೇ.

ಮುಂದಿನ ವಾರ ಆಕೆಯೊಬ್ಬರ ಜೊತೆಗೇ ಮಾತಾಡಿದೆ. "ದಿನವಿಡೀ ಎರಡೇ ಪ್ರಶ್ನೆ. ಊಟ ಆಯ್ತಾ, ಮಾತ್ರೆ ಆಯ್ತಾ. ನಾನು ಏನಂದ್ರೂ ಸರಿ ಸರಿ ಅಂತಾರೆ. ಇಷ್ಟು ವರ್ಷ ನನ್ನ ಜೊತೆ ಜಗಳ ಆಡಿದ ಮನುಷ್ಯ ಇವರೇನಾ ಅನ್ಸುತ್ತೆ." ಆಮೇಲೆ ಇನ್ನೊಂದು ವಿಷಯ ಹೊರಬಂತು. ರಾತ್ರಿ ಸೊಂಟದ ನೋವು ಜಾಸ್ತಿ, ಆದರೆ ಹೇಳುತ್ತಿರಲಿಲ್ಲ. ಹೇಳಿದರೆ ಗಂಡ ನಿದ್ದೆಗೆಡುತ್ತಾರೆ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಈಗಲೇ ತಗೊಂಡರೆ ಮುಂದೆ ಕೆಲಸ ಮಾಡಲ್ಲ ಎಂಬ ಭಯ ಬೇರೆ. "ಅವರೂ ಬಚ್ಚಲಲ್ಲಿ ಅಳ್ತಾರೆ. ಅಷ್ಟು ಹೊತ್ತು ಸುಮ್ನೆ ನಲ್ಲಿ ಯಾರು ಬಿಡ್ತಾರೆ?"

ಇಬ್ಬರನ್ನೂ ಕೂರಿಸಿ ಮೊದಲು ನೋವಿನ ಮಾತೇ ತೆಗೆದೆ. ನೋವು ತಿನ್ನುತ್ತಿರುವಾಗ ಪ್ರೀತಿಯ ಮಾತು ಎಲ್ಲಿಂದ ಬರಬೇಕು? ದಿನವಿಡೀ ಇರುವ ನೋವಿಗೆ ವೈದ್ಯರು ಕೊಟ್ಟ ಔಷಧಿಯನ್ನು ಗಡಿಯಾರ ನೋಡಿ ತಗೊಳ್ಳಬೇಕು, ತಡೆಯಲಾರದಷ್ಟು ಆಗುವವರೆಗೆ ಕಾಯಬಾರದು. ಮುಂದೆ ನೋವು ಹೆಚ್ಚಿದರೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಮಾರ್ಫಿನ್‌ನಿಂದ ಮಲಬದ್ಧತೆ ಆಗೇ ಆಗುತ್ತದೆ ಅನ್ನಬಹುದು, ಅದಕ್ಕೂ ಮೊದಲ ದಿನದಿಂದಲೇ ಔಷಧಿ ಕೇಳಿ ಎಂದೆ. ನೋವನ್ನು ಸೊನ್ನೆಯಿಂದ ಹತ್ತರೊಳಗೆ ಆಕೆಯೇ ಹೇಳಲಿ, ಮುಖ ನೋಡಿ ಊಹಿಸುವುದು ಬೇಡ. ನೋವು, ಸಂಕಟ ಕಡಿಮೆ ಮಾಡಲು ನೋಡುವ ಉಪಶಾಮಕ ಆರೈಕೆಯ ತಂಡವನ್ನೂ ಕಾಣಿ ಎಂದಾಗ ಗಂಡ ಬೆಚ್ಚಿದರು. ಅದು ಕೊನೆಗಾಲಕ್ಕೆ ಮಾತ್ರ ಅಲ್ಲ, ಚಿಕಿತ್ಸೆ ನಡೆಯುವಾಗಲೇ ಸಿಗಬೇಕಾದದ್ದು ಎಂದು ಬಿಡಿಸಿ ಹೇಳಬೇಕಾಯಿತು.

ಊಟದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕೀಮೋದಿಂದ ಬಾಯಿ ಲೋಹದ ರುಚಿ ಆಗಬಹುದು, ಬಿಸಿ ಅಡುಗೆಯ ವಾಸನೆಗೇ ವಾಕರಿಕೆ ಬರಬಹುದು. ಆರಿದ್ದನ್ನು ಕೊಡಿ, ಪ್ಲಾಸ್ಟಿಕ್ ಚಮಚ ಕೊಡಿ, ಸ್ವಲ್ಪ ಸ್ವಲ್ಪವೇ ಕೊಡಿ. ಆದರೆ "ಇನ್ನೊಂದು ತುತ್ತು" ಅನ್ನಬೇಡಿ. ತಟ್ಟೆ ಮಾತಿಲ್ಲದೆ ಎತ್ತಿಡಿ.

ನೋಟ್‌ಬುಕ್‌ಗೆ ಸಂಜೆ ಅರ್ಧ ಗಂಟೆ. ಆಮೇಲೆ ಮುಚ್ಚಿ ಆಕೆಯ ಪಕ್ಕ ಕೂರಬೇಕು, ಮಾತಿಲ್ಲದಿದ್ದರೂ ಸರಿ.

ನಿದ್ದೆ ಎಷ್ಟು ಎಂದು ಆಗ ಕೇಳಿದೆ. ಮೂರು ಗಂಟೆಯಂತೆ. "ಏನಾದ್ರೂ ಬೇಕಿದ್ರೆ ಹೇಳಿ" ಎಂದವರಿಗೆಲ್ಲ "ಬೇಡ, ನೋಡ್ಕೋತೀನಿ" ಎಂದಿದ್ದರು. ವಾರಕ್ಕೆ ಎರಡು ರಾತ್ರಿ ನಾದಿನಿ ಬಂದು ಮಲಗಲಿ, ನೀವೇ ಕೇಳಿ ಎಂದೆ. ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಎರಡು ವಾರ ಬೇಕಾಯಿತು.

ಕೊನೆಗೆ ಅವರೊಬ್ಬರೇ ಇದ್ದಾಗ, ನಿಮ್ಮ ಭಯವನ್ನು ಹೆಂಡತಿಯ ಹತ್ತಿರ ಹೇಳಿ ಎಂದೆ. "ಅವಳು ಕುಸಿದು ಹೋದರೆ?" ನಲ್ಲಿಯ ವಿಷಯ ನಾನು ಹೇಳುವಂತಿರಲಿಲ್ಲ. "ಒಂದೇ ಒಂದು ಮಾತು ಹೇಳಿ ನೋಡಿ" ಎಂದಷ್ಟೇ ಹೇಳಿದೆ.

ಐದನೇ ಭೇಟಿಗೆ ಇಬ್ಬರೂ ಬಂದರು. ಕೂರುತ್ತಲೇ ಆಕೆ ನಗುತ್ತಾ, "ನಿನ್ನೆ ನನ್ನ ಮೇಲೆ ರೇಗಿದರು. ಕಿಟಕಿ ಮುಚ್ಚೋ ವಿಷಯಕ್ಕೆ" ಎಂದರು.

"ರೇಗಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ ಅಷ್ಟೇ" ಎಂದರು ಅವರು.