ತಕದನೊಬಾಬಾ: ಟೋಕಿಯೊಗೆ ಓದಲು ಹೊರಟವರ ಪ್ರಶ್ನೆಗಳು

ಪ್ರಶ್ನೆ: ಮಗಳಿಗೆ ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ತಕದನೊಬಾಬಾ ಸ್ಟೇಷನ್ನಿನಲ್ಲಿ ಇಳಿದು ಕ್ಯಾಂಪಸ್ಸಿಗೆ ಹೋಗುವುದು ಹೇಗೆ? (ಧಾರವಾಡ)

ಉತ್ತರ: ಮೊದಲು ಪ್ರವೇಶಪತ್ರದಲ್ಲಿ ಕ್ಯಾಂಪಸ್ಸಿನ ಹೆಸರು ನೋಡಿ. ಹೊಸಬರು ದಾರಿ ತಪ್ಪುವುದು ಇಲ್ಲಿಯೇ. ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಿರುವುದು ನಿಶಿ-ವಾಸೆದಾ ಕ್ಯಾಂಪಸ್ಸಿನಲ್ಲಿ. ತಕದನೊಬಾಬಾದಿಂದ ನಡೆದರೆ ಕಾಲು ಗಂಟೆ. ಇನ್ನೊಂದು ಮಾರ್ಗವಾದ ಫುಕುತೊಶಿನ್ ಮೆಟ್ರೊದಲ್ಲಿ (ಅದು ತಕದನೊಬಾಬಾದಲ್ಲಿ ನಿಲ್ಲದು) ಬಂದರೆ ನಿಶಿ-ವಾಸೆದಾ ನಿಲ್ದಾಣದ 3ನೇ ದ್ವಾರ ನೇರವಾಗಿ ಕ್ಯಾಂಪಸ್ಸಿಗೇ ತೆರೆದುಕೊಳ್ಳುತ್ತದೆ. ಮುಖ್ಯ ಕ್ಯಾಂಪಸ್ಸಿಗಾದರೆ ಜೆಆರ್ (ಜಪಾನ್ ರೈಲ್ವೆ) ರೈಲಿನಿಂದಿಳಿದು 'ವಾಸೆದಾ' ದ್ವಾರದಲ್ಲೇ ಹೊರಬರಬೇಕು. 'ತೊಯಾಮಾ' ದ್ವಾರದಲ್ಲಿ ಅಲ್ಲ. ಅಲ್ಲಿಂದ ಮೂರು ದಾರಿ: ಇಪ್ಪತ್ತು ನಿಮಿಷದ ನಡಿಗೆ, ತೊಜಾಯ್ ಮೆಟ್ರೊದಲ್ಲಿ ಒಂದೇ ಸ್ಟಾಪ್ (ವಾಸೆದಾ ನಿಲ್ದಾಣ), ಇಲ್ಲವೇ 'ಗಾಕು 02' ಬಸ್ಸು. ಬಸ್ಸಿಗೆ ಮುಂಬಾಗಿಲಲ್ಲಿ ಹತ್ತಿ, ಆಗಲೇ ಹಣ ಕೊಟ್ಟು, ಹಿಂಬಾಗಿಲಲ್ಲಿ ಇಳಿಯಬೇಕು. ಟ್ರಾಮಿಗೂ 'ವಾಸೆದಾ' ಎಂಬ ನಿಲ್ದಾಣವಿದೆ. ಅದು ಬೇರೆ, ಮೆಟ್ರೊದ್ದು ಬೇರೆ. ಫೋನಿನ ಮ್ಯಾಪಿನಲ್ಲಿ ಆರಿಸುವಾಗ ಎಚ್ಚರ.

ಪ್ರಶ್ನೆ: ಕಾರ್ಡು, ಪಾಸು ಹೇಗೆ? ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ? (ಮೈಸೂರು)

ಉತ್ತರ: ತಕದನೊಬಾಬಾ ಎಂಬ ಈ ಒಂದು ನಿಲ್ದಾಣದಲ್ಲೇ ಜೆಆರ್, ಸೆಯ್ಬು, ಟೋಕಿಯೊ ಮೆಟ್ರೊ ಎಂಬ ಮೂರು ಕಂಪನಿಗಳಿವೆ. ಸುಯಿಕಾ ಅಥವಾ ಪಾಸ್ಮೊ, ಯಾವ ಕಾರ್ಡಾದರೂ ಮೂರಕ್ಕೂ ನಡೆಯುತ್ತದೆ, ಆದರೆ ದರ ಪ್ರತ್ಯೇಕ. ಐಫೋನಿನಲ್ಲಿ ಸುಯಿಕಾ ಹಾಕಿಕೊಳ್ಳಬಹುದು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಅದಕ್ಕೆ ಬೇಕಾದ ಫೆಲಿಕಾ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ, ಅಂಥವರು ಪ್ಲಾಸ್ಟಿಕ್ ಕಾರ್ಡೇ ಕೊಳ್ಳಲಿ. ಕಾರ್ಡಿನಲ್ಲಿ ಗರಿಷ್ಠ 20,000 ಯೆನ್ ಇಡಬಹುದು. ಹೊರಬರುವಾಗ ಗೇಟು ಮುಚ್ಚಿಕೊಂಡರೆ ಹೆಚ್ಚಾಗಿ ಹಣ ಸಾಲದೆ ಇರುತ್ತದೆ. ಗೇಟಿನ ಒಳಬದಿಯಲ್ಲೇ ಇರುವ ಯಂತ್ರದಲ್ಲಿ ತುಂಬಿಕೊಂಡರೆ ಆಯಿತು.

ವಿದ್ಯಾರ್ಥಿ ಪಾಸು 1, 3, 6 ತಿಂಗಳ ಅವಧಿಗೆ ಸಿಗುತ್ತದೆ. ಮನೆಯ ಹತ್ತಿರದ ನಿಲ್ದಾಣದಿಂದ ಕಾಲೇಜಿನ ನಿಲ್ದಾಣದವರೆಗೆ ಮಾತ್ರ. ಕಾಲೇಜು ಕೊಡುವ ಪ್ರಮಾಣಪತ್ರ ಬೇಕು, ಹಾಗಾಗಿ ವಿಳಾಸ ನೋಂದಾಯಿಸಿದ ಕೂಡಲೇ ಕಾಲೇಜಿನ ಕಚೇರಿಯಲ್ಲಿ ಕೇಳಿ ಪಡೆಯಲಿ. ಈ ಬಡಾವಣೆಯಲ್ಲಿ ಜಪಾನಿ ಭಾಷಾ ಶಾಲೆಗಳು ಬಹಳ. ಅವುಗಳಲ್ಲಿ ಅನೇಕಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಶುಲ್ಕ ಕಟ್ಟುವ ಮೊದಲೇ ಶಾಲೆಯವರನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ವರ್ಷದ ಖರ್ಚಿನಲ್ಲಿ ಇದು ಸಣ್ಣ ಮೊತ್ತವಲ್ಲ.

ಪ್ರಶ್ನೆ: ಟೋಕಿಯೊವನ್ನು ಸುತ್ತುವ ಜೆಆರ್‌ನ ಯಮನೊತೆ ರೈಲನ್ನು ತಪ್ಪು ದಿಕ್ಕಿಗೆ ಹತ್ತಿಬಿಟ್ಟರೆ? (ಶಿವಮೊಗ್ಗ)

ಉತ್ತರ: ಗಾಬರಿ ಬೇಡ. ಒಂದು ಕಡೆ ಶಿಂಜುಕು, ಇನ್ನೊಂದು ಕಡೆ ಇಕೆಬುಕುರೊ, ಎರಡೂ ಎರಡೇ ಸ್ಟಾಪ್. ಮುಂದಿನ ನಿಲ್ದಾಣ ಶಿನ್-ಒಕುಬೊ ಆಗಲಿ ಮೆಜಿರೊ ಆಗಲಿ, ಪ್ಲಾಟ್‌ಫಾರಂ ಒಂದೇ. ಇಳಿದು ಎದುರು ಬದಿಗೆ ತಿರುಗಿದರೆ ಸಾಕು, ಗೇಟು ದಾಟಬೇಡಿ. ಇಡೀ ವರ್ತುಲ 34.5 ಕಿ.ಮೀ., 30 ನಿಲ್ದಾಣ. ನಿದ್ದೆ ಹೋದರೂ ಸುಮಾರು ಒಂದು ಗಂಟೆಗೆ ಹೊರಟಲ್ಲಿಗೇ ಬರುತ್ತದೆ. ತಕದನೊಬಾಬಾದಲ್ಲಿ ರೈಲು ಹೊರಡುವಾಗ ಮಂಗಾ (ಜಪಾನಿ ಚಿತ್ರಕಥೆ) ಕಲಾವಿದ ತೆಜುಕಾ ಒಸಾಮು ಅವರ ಪುಟ್ಟ ರೋಬೊ 'ಆಟಮ್'ನ ರಾಗ ನುಡಿಸುತ್ತಾರೆ, ಕಥೆಯಲ್ಲಿ ಅವನು ಹುಟ್ಟಿದ ಊರು ಇದೇ. ಆ ರಾಗ ಕೇಳಿದ ಮೇಲೆ ಓಡಬೇಡಿ, ಬಾಗಿಲು ಮುಚ್ಚುತ್ತದೆ. ಮುಂದಿನ ರೈಲು ಕೆಲವೇ ನಿಮಿಷದಲ್ಲಿ. ನಡುರಾತ್ರಿ ಮಾತ್ರ ಹಾಗಲ್ಲ. ಸುಮಾರು 1 ಗಂಟೆಯಿಂದ ಬೆಳಗಿನ 4.30ರವರೆಗೆ ರೈಲೇ ಇಲ್ಲ, ತೊಜಾಯ್, ಸೆಯ್ಬುಗಳ ಕೊನೆಯ ಗಾಡಿಯ ಸಮಯವನ್ನು ಬೇರೆಯಾಗಿಯೇ ಗುರುತಿಟ್ಟುಕೊಳ್ಳಬೇಕು.

ಪ್ರಶ್ನೆ: ಸಸ್ಯಾಹಾರಿಗಳಿಗೆ ಹತ್ತಿರದಲ್ಲಿ ಏನು ಸಿಗುತ್ತದೆ? (ಉಡುಪಿ)

ಉತ್ತರ: ಇಲ್ಲಿ ಮ್ಯಾನ್ಮಾರ್ ಹೋಟೆಲುಗಳು ಹಲವಿವೆ. ಅವರ ಚಹಾ ಎಲೆಯ ಕೋಸಂಬರಿ ರುಚಿಯಾಗಿರುತ್ತದೆ, ಆದರೆ ಒಣ ಸಿಗಡಿ ಪುಡಿ ಹಾಕುವ ರೂಢಿಯಿದೆ, ಬೇಡವೆಂದು ಮೊದಲೇ ಹೇಳಿ. ಜಪಾನಿ ಅಂಗಡಿಯಲ್ಲಿ 'ನಿಕು ನಾಶಿ' ಎಂದರೆ ಮಾಂಸ ಮಾತ್ರ ಬಿಡುತ್ತಾರೆ. ಸಾರಿನಲ್ಲಿ ದಾಶಿ, ಅಂದರೆ ಮೀನು ಕುದಿಸಿ ತೆಗೆದ ರಸ, ಇದ್ದೇ ಇರಬಹುದು. ಅದನ್ನೂ ಬೇರೆಯಾಗಿ ಕೇಳಬೇಕು.