ಘಟ್ಟ ಇಳಿದು ಕಡಲ ಬಳಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಂದೆ ಸರಿದು ರಜೆ ಹತ್ತಿರವಾಗುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಘಟ್ಟ ಇಳಿಯುವ ಮಾತು ಶುರುವಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ವಿಷಯದವು. ಕರಾವಳಿಯ ದೇವಸ್ಥಾನಗಳ ದಾರಿ ಎಲ್ಲರಿಗೂ ಗೊತ್ತಿರುವುದರಿಂದ, ಬಯಲಿನಲ್ಲಿ, ನೀರಿನ ಹತ್ತಿರ ಕಳೆಯುವ ಹೊತ್ತಿನ ಬಗ್ಗೆ ಬಂದ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮುರುಡೇಶ್ವರ, ಇಡಗುಂಜಿ, ಗೋಕರ್ಣಗಳನ್ನು ಹಲವು ಸಲ ನೋಡಿದ್ದೇವೆ. ಈಗ ಎರಡು ದಿನದ ಬಿಡುವಿದೆ. ಎಪ್ಪತ್ತು ದಾಟಿದ ಅತ್ತೆ ಮತ್ತು ಹತ್ತು ವರ್ಷದ ಮಗ ಜೊತೆಗಿರುತ್ತಾರೆ. ಇಬ್ಬರಿಗೂ ಹಿಡಿಸುವಂಥದ್ದು ಏನಿದೆ? (ಓದುಗರು, ಸಾಗರ)

ಉತ್ತರ: ಊರೂರು ಸುತ್ತದೆ ಎರಡು ದಿನವೂ ಹೊನ್ನಾವರದಲ್ಲೇ ನಿಲ್ಲಿ. ಸಾಗರದವರಿಗೆ ಅದು ಪರ ಊರೂ ಅಲ್ಲ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ತಂಗಿ, ಜೋಗದಲ್ಲಿ 253 ಮೀಟರ್ ಧುಮುಕಿ ಗೇರುಸೊಪ್ಪೆಯ ಕಣಿವೆಯಲ್ಲಿ ಕಣ್ಮರೆಯಾಗುವ ಶರಾವತಿಯನ್ನು ನೀವು ಬಾಲ್ಯದಿಂದ ನೋಡಿದ್ದೀರಿ. ಅದೇ ಹೊಳೆ ಕೊನೆಗೆ ಯಾವ ರೂಪದಲ್ಲಿ ಕಡಲು ಸೇರುತ್ತದೆ ಎಂಬುದನ್ನು ಮಗನಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಜೋಗದಲ್ಲಿ ಅಬ್ಬರಿಸಿದ ನೀರು ಅಲ್ಲಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಅಗಲವಾಗಿ, ಸಣ್ಣ ಸಣ್ಣ ಕುದುರುಗಳನ್ನು ಬಳಸಿಕೊಂಡು ಹಬ್ಬಿರುತ್ತದೆ.

ಮೊದಲು ನೋಡಬೇಕಾದದ್ದು ಅಳಿವೆಯ ಬಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕಾಡಿನ ನಡುವೆ ಮರದ ಹಲಗೆ ಹಾಸಿದ ನಡಿಗೆಯ ಹಾದಿಯಿದೆ. ಅತ್ತೆಯವರು ಕೈ ಹಿಡಿದುಕೊಂಡು ನಿಧಾನವಾಗಿ ನಡೆಯಬಹುದು. ಆದರೆ ಹೋಗುವ ವೇಳೆಯನ್ನು ನೋಡಿಕೊಳ್ಳಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಅವು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಉಬ್ಬರದ ಹೊತ್ತಿನಲ್ಲಿ ಹೋದರೆ ನೀರಿನಲ್ಲಿ ನಿಂತ ಹಸುರು ಗಿಡಗಳಷ್ಟೇ ಕಾಣುತ್ತವೆ. ಅದೇ ಇಳಿತದಲ್ಲಿ ಹೋದರೆ ಕಾಂಡ್ಲಾದ ಒಳಮನೆಯೇ ತೆರೆದುಕೊಳ್ಳುತ್ತದೆ. ಊರುಗೋಲುಗಳಂತೆ ಕಾಂಡದಿಂದ ಬಾಗಿ ಇಳಿದ ಬೇರುಗಳು, ಕೆಸರಿನಿಂದ ಪೆನ್ಸಿಲುಗಳನ್ನು ನೆಟ್ಟಂತೆ ಮೇಲೆದ್ದು ಉಸಿರಾಡುವ ಬೇರುಗಳು, ಒಂದೇ ಒಂದು ದೊಡ್ಡ ಕೊಂಡಿಯನ್ನು ಎತ್ತಿ ಬೀಸುವ ಗಂಡು ಏಡಿಗಳು, ರೆಕ್ಕೆಗಳನ್ನೂರಿ ಕೆಸರಿನ ಮೇಲೆ ಕುಪ್ಪಳಿಸುವ ಬೆರಳುದ್ದದ ಮೀನುಗಳು ಎಲ್ಲವೂ ಹಲಗೆಯ ಕೆಳಗೆ ಎರಡು ಅಡಿ ದೂರದಲ್ಲಿರುತ್ತವೆ. ಮಗನಿಗೆ ಕೊಂಬೆಯನ್ನೂ ತೋರಿಸಿ. ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತಾಡುವುದು ಬರಿಯ ಕಾಯಲ್ಲ, ತಾಯಿಮರದ ಮೇಲೆಯೇ ಮೊಳೆತ ಸಸಿ. ಅದು ಕೆಳಗೆ ಬಿದ್ದು ಕೆಸರಿಗೆ ನಾಟಿಕೊಂಡು ಬೇರು ಬಿಡುತ್ತದೆ, ಇಲ್ಲವೇ ತೇಲಿಹೋಗಿ ಬೇರೆ ದಡ ಹಿಡಿಯುತ್ತದೆ. ಇಳಿತ ಎಷ್ಟು ಗಂಟೆಗೆ ಎಂಬುದನ್ನು ಉಳಿದುಕೊಳ್ಳುವ ಮನೆಯವರನ್ನೋ ಮೀನುಗಾರರನ್ನೋ ಹಿಂದಿನ ದಿನವೇ ಕೇಳಿ. ಕಡಲ ದಡದವರು ಅದನ್ನು ಪಂಚಾಂಗದಷ್ಟೇ ಖಚಿತವಾಗಿ ಬಲ್ಲರು.

ಹಿನ್ನೀರಿನಲ್ಲಿ ದೋಣಿ ಅಥವಾ ಕಯಾಕ್ ಬೇಕಿದ್ದರೆ ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ, ಹುಟ್ಟು ಹಾಕುವ ತೋಳುಗಳು ಸೋಲುತ್ತವೆ. ಸಂಜೆಗೆ ಕಾಸರಕೋಡಿನ ಕಡಲತೀರ. 2020ರಲ್ಲಿ ದೇಶದ ಎಂಟು ತೀರಗಳಿಗೆ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆತಾಗ ಕರ್ನಾಟಕದಿಂದ ಆಯ್ಕೆಯಾದವು ಇದು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ನೀರಿನ ಶುದ್ಧತೆಯ ಪರೀಕ್ಷೆ, ಶೌಚಾಲಯ, ಜೀವರಕ್ಷಕರ ವ್ಯವಸ್ಥೆ ಇವೆಲ್ಲ ಆ ಮನ್ನಣೆಯ ಷರತ್ತುಗಳಾದ್ದರಿಂದ ವಯಸ್ಸಾದವರನ್ನು ಕರೆದೊಯ್ಯಲು ನಾನು ಅದನ್ನೇ ಸೂಚಿಸುತ್ತೇನೆ. ಚಳಿಗಾಲದ ರಾತ್ರಿಗಳಲ್ಲಿ ಆ ಭಾಗದ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ದಡದಲ್ಲಿ ಓಡಾಡಬೇಡಿ. ಮರುದಿನ ಹಿಂದಿರುಗುವ ಮುನ್ನ ಅಪ್ಸರಕೊಂಡದ ಗುಡ್ಡವನ್ನು ಹತ್ತಿದರೆ ಸಾಕು, ಆತುರ ಬೇಡ.

ಪ್ರಶ್ನೆ: ನಮ್ಮ ಹುಡುಗರು ತುಂಗಾ ಹೊಳೆಯಲ್ಲಿ ಈಜಿ ಬೆಳೆದವರು. ಆದರೂ ಸಮುದ್ರಕ್ಕೆ ಇಳಿಯುತ್ತೇವೆ ಎಂದರೆ ನನಗೆ ಭಯ. ನನ್ನ ಭಯ ಅತಿಯಾಯಿತೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಇಲ್ಲ. ನಿಮ್ಮ ಪತ್ರವನ್ನು ಓದಿದಾಗ ನನ್ನದೇ ನೆನಪೊಂದು ಮರುಕಳಿಸಿತು. ನಾನೂ ಹೊಳೆಯಲ್ಲೇ ಈಜು ಕಲಿತವನು. ಕಾಲೇಜಿನ ದಿನಗಳಲ್ಲಿ ಕುಂದಾಪುರದ ಕಡೆಯ ದಡವೊಂದರಲ್ಲಿ, ಎರಡೂ ಬದಿ ಅಲೆಗಳು ಒಡೆಯುತ್ತಿದ್ದು ನಡುವೆ ಮಾತ್ರ ನೀರು ತಣ್ಣಗಿದ್ದ ಜಾಗವನ್ನು ಕಂಡು, ಈಜಲು ಅದೇ ಸರಿಯೆಂದು ಇಳಿದೆ. ಸೊಂಟಮಟ್ಟದ ನೀರಿನಲ್ಲಿ ಕಾಲಡಿಯ ಮರಳು ಜಾರಿತು. ಮತ್ತೆ ತಲೆಯೆತ್ತಿ ನೋಡುವಾಗ ದಡದ ತೆಂಗಿನ ಮರಗಳು ಚಿಕ್ಕದಾಗಿದ್ದವು. ದಡದ ಕಡೆಗೇ ಮುಖ ಮಾಡಿ ಕೈ ಬಡಿದಷ್ಟೂ ದೂರವಾಗುತ್ತಿದ್ದೆ. ಬಲೆ ಸರಿಪಡಿಸುತ್ತಿದ್ದ ಮೀನುಗಾರರೊಬ್ಬರು ಎದ್ದುನಿಂತು, ಪಕ್ಕಕ್ಕೆ, ಪಕ್ಕಕ್ಕೆ ಎಂದು ಕೈ ಬೀಸಿ ಕೂಗಿದ್ದರಿಂದ ಬದುಕಿದೆ.

ಕಡಲಿನ ಸೆಳೆತವೆಂದರೆ ಇದೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲು ಒಂದು ದಾರಿ ಹುಡುಕುತ್ತದೆ. ಮರಳಿನ ದಿಬ್ಬಗಳ ನಡುವೆ ಕಂಡಿ ಸಿಕ್ಕಿದಲ್ಲಿ ಕಾಲುವೆಯಂತೆ ರಭಸವಾಗಿ ಹೊರಹೋಗುತ್ತದೆ. ಅಲ್ಲಿ ನೀರು ಆಳವಾಗಿರುವುದರಿಂದ ಅಲೆ ಒಡೆಯುವುದಿಲ್ಲ, ನೋಡುವವರಿಗೆ ಶಾಂತವಾಗಿ ಕಾಣುತ್ತದೆ. ನೊರೆಯಾಗಲಿ ಮರಳು ಕಲೆಸಿದ ಕೆಂಪು ನೀರಾಗಲಿ ದಡದಿಂದ ಹೊರಮುಖವಾಗಿ ಸಾಗುತ್ತಿದ್ದರೆ ಅಲ್ಲಿ ಇಳಿಯಲೇಬಾರದು. ಸಿಕ್ಕಿಬಿದ್ದರೆ ನೀರಿನೊಡನೆ ಸೆಣಸದೆ ಮೊದಲು ತೇಲಿಕೊಂಡು, ಬಳಿಕ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದ ಪಟ್ಟಿಯಿಂದ ಹೊರಬಂದ ಮೇಲಷ್ಟೇ ದಡದತ್ತ ತಿರುಗಬೇಕು. ನಿಮ್ಮ ಹುಡುಗರಿಗೆ ಈಜು ಬರುತ್ತದೆ, ನಿಜ. ಆದರೆ ಹೊಳೆಯ ಎರಡು ದಡಗಳಲ್ಲಿ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ, ಕಡಲಿಗೆ ಇರುವುದು ಒಂದೇ ದಡ. ಜೀವರಕ್ಷಕರಿರುವ ಜಾಗದಲ್ಲಿ, ಎದೆಮಟ್ಟಕ್ಕಿಂತ ಮುಂದೆ ಹೋಗದೆ ಸ್ನಾನ ಮಾಡಲಿ. ಮೊದಲ ಸಲ ಹೋಗುವ ಮುನ್ನ ಈ ಉತ್ತರವನ್ನು ಅವರಿಗೆ ಓದಿ ಹೇಳಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಗೆಳತಿಯರೊಂದಿಗೆ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕೆಂದಿದ್ದೇನೆ. ಈಜು ಬರುವುದಿಲ್ಲ. ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದೇ? (ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ಈ ದ್ವೀಪದ ಸುತ್ತಣ ನೀರು ಮಳೆಗಾಲ ಕಳೆದ ಮೇಲೆ ತಿಳಿಯಾಗುತ್ತದೆ. ಮೊದಲ ಸಲ ಮುಳುಗುವವರನ್ನು ತರಬೇತುದಾರರು ಪಕ್ಕದಲ್ಲೇ ಹಿಡಿದುಕೊಂಡು ಕರೆದೊಯ್ಯುವುದರಿಂದ ಈಜು ಬಾರದಿದ್ದರೂ ಅಡ್ಡಿಯಿಲ್ಲ. ಉಬ್ಬಸ, ಹೃದಯದ ತೊಂದರೆ, ಕಿವಿಯ ಸೋರಿಕೆ ಇದ್ದರೆ ವೈದ್ಯರನ್ನು ಕೇಳದೆ ಹೋಗಬೇಡಿ. ನೆಗಡಿಯಾಗಿದ್ದರೆ ಆ ದಿನವನ್ನು ಮುಂದೂಡಿ.

ಸಂಜೆಗೆ ಮನೆ ಸೇರುವ ಮಾತನ್ನು ಮಾತ್ರ ಬಿಡಿ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ದೇಹದಲ್ಲಿ ಕರಗಿ ಉಳಿದಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲೇ ಎತ್ತರದ ಜಾಗಕ್ಕೆ ಹೋದರೆ ರಕ್ತದಲ್ಲಿ ಗುಳ್ಳೆಗಳಾಗುವ ಅಪಾಯವಿದೆ. ಒಂದು ಸಲ ಮುಳುಗಿದವರು ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂಬುದು ಡೈವಿಂಗ್‌ನಲ್ಲಿ ಒಪ್ಪಿತವಾದ ಸೂತ್ರ. ನಮ್ಮ ಘಟ್ಟ ವಿಮಾನದಷ್ಟು ಎತ್ತರವಲ್ಲ, ನೀವು ಮುಳುಗುವ ಆಳವೂ ಕಡಿಮೆ. ಆದರೂ ಕಡಲಮಟ್ಟದಿಂದ ಕೆಲವೇ ಗಂಟೆಗಳಲ್ಲಿ ಐನೂರು ಮೀಟರಿಗೂ ಮೇಲೆ ಏರುವ ಮಲೆನಾಡಿನವರಿಗೆ ಇದು ಲಕ್ಷಿಸಬೇಕಾದ ಸಂಗತಿ. ಆ ರಾತ್ರಿ ಕೆಳಗೇ ಉಳಿದು ಮರುದಿನ ಬೆಳಗ್ಗೆ ಘಟ್ಟ ಹತ್ತಿ.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ ಎನ್ನುತ್ತಾರೆ. ಆಗುಂಬೆ ಇಳಿದು ಅಷ್ಟು ದೂರ ಹೋಗುವುದು ಸಾರ್ಥಕವೇ? (ಓದುಗರು, ಕೊಪ್ಪ)

ಉತ್ತರ: ಆ ಕಲ್ಲನ್ನು ನೋಡಲೆಂದೇ ಹೋಗಬೇಕು. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹರಿದ ಲಾವಾ ಅದು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೀವು ನೋಡಿದ್ದೀರಿ. ಹಾಗೆಯೇ ಲಾವಾ ಆರುತ್ತ ಕುಗ್ಗಿ, ಬಿರುಕು ಮೇಲಿನಿಂದ ಕೆಳಗಿನವರೆಗೂ ಇಳಿದು, ಐದು, ಆರು ಮುಖಗಳ ಕಂಬಗಳಾಗಿ ಒಡೆದಿದೆ. ಶಿಲ್ಪಿಯೊಬ್ಬ ಕೆತ್ತಿ ಜೋಡಿಸಿಟ್ಟಂತಿರುವ ಆ ಕಂಬಗಳ ಅಂಚಿಗೆ ಬೆರಳು ಸವರಿ ನೋಡಿ. ತಳದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚಾದ್ದರಿಂದ ಚಪ್ಪಲಿ ಬಿಡಬೇಡಿ. ಚಿಪ್ಪುಗಳನ್ನು ಅಲ್ಲಿಯೇ ಬಿಟ್ಟು ಬನ್ನಿ. ನೆರಳು ಕಡಿಮೆ, ಬೆಳಗಿನ ಮೊದಲ ದೋಣಿಗಳಲ್ಲಿ ಹೋಗಿ.

ಪ್ರಶ್ನೆ: ಜುಲೈನಲ್ಲಿ ಹೋಗುವುದಾದರೆ? (ಓದುಗರು, ಹೊಸನಗರ)

ಉತ್ತರ: ದೋಣಿ, ದ್ವೀಪ, ಡೈವಿಂಗ್ ಯಾವುದೂ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ ಎಂದ ಮೇಲೆ ಪ್ರವಾಸಿಗರ ಮಾತೇನು? ಆದರೆ ಮರವಂತೆಯನ್ನು ಮಳೆಗಾಲದಲ್ಲಿ ನೋಡದವರು ಮರವಂತೆಯನ್ನು ಅರ್ಧವೇ ನೋಡಿದ್ದಾರೆ. ಹೆದ್ದಾರಿಯ ಒಂದು ಬದಿ ಕಡಲು ತಡೆಗಲ್ಲುಗಳಿಗೆ ಅಪ್ಪಳಿಸಿ ರಸ್ತೆಯವರೆಗೂ ಹನಿ ಚಿಮ್ಮಿಸುತ್ತಿದ್ದರೆ, ಇನ್ನೊಂದು ಬದಿ ಸೌಪರ್ಣಿಕೆ ಕೆಂಪು ನೀರು ತುಂಬಿಕೊಂಡು ಸದ್ದಿಲ್ಲದೆ ಸಾಗುತ್ತದೆ. ಕಡಲಿಗೆ ಅಷ್ಟು ಹತ್ತಿರ ಬಂದೂ ಅದು ಅಲ್ಲಿ ಸೇರುವುದಿಲ್ಲ. ಹೊರಳಿಕೊಂಡು ಹೋಗಿ, ನಿಮ್ಮ ಕಡೆಯ ಕಾಡುಗಳಿಂದ ಇಳಿದುಬರುವ ವಾರಾಹಿ, ಚಕ್ರಾ ಮೊದಲಾದ ಹೊಳೆಗಳೊಡನೆ ಗಂಗೊಳ್ಳಿಯ ಬಳಿ ಕಡಲು ಸೇರುತ್ತದೆ. ಕಲ್ಲುಗಳ ಮೇಲೆ ಇಳಿಯದೆ ರಸ್ತೆಯಂಚಿನಿಂದಲೇ ನೋಡಿ, ಹುಲಿಕಲ್ ಘಾಟಿಯನ್ನು ಬೆಳಕಿರುವಾಗಲೇ ಹತ್ತಿ ಮುಗಿಸಿ.